ಜೋಶಿ ಮಾಸ್ತರರ ಮಗ ಮನೆಗೆ ಬಂದ

(ಉತ್ಸವದ ಸಾಂಸ್ಕೃತಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ದೇವರ ಉತ್ಸವ ಬಂತೆಂದರೆ ಆಸ್ಪರಿಯ ರೈಲು ನಿಲ್ದಾಣಕ್ಕೆ ಬೇರೆಯೇ ಕಳೆ. ಒಂದು ಕಡೆ ಗುಂತಕಲ್ಲು, ಇನ್ನೊಂದು ಕಡೆ ಆದವಾನಿ. ಬೆಂಗಳೂರು, ಹೈದರಾಬಾದು, ಮುಂಬಯಿಗಳಲ್ಲಿ ದುಡಿಯುವ ಮಕ್ಕಳು ಚೀಲ ಹೊತ್ತು ಊರಿಗೆ ಇಳಿಯುತ್ತಾರೆ. ಆ ದಿನಗಳಲ್ಲಿ ಮನೆಮನೆಯ ಒಲೆ ಆರುವುದಿಲ್ಲ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಬೆಳಗಿನ ಉಗ್ಗಾಣಿ ಮತ್ತು ಮೆಣಸಿನಕಾಯಿ ಬಜ್ಜಿ, ಹಬ್ಬದ ಹೋಳಿಗೆ, ಅದರ ಮೇಲೆ ತುಪ್ಪ! ಮಗ ಎಷ್ಟು ಸಂಪಾದಿಸಿದ ಎಂದು ಊರು ಕೇಳುತ್ತದೆ; ಉಂಡೆಯೇನಪ್ಪಾ ಎಂದು ಕೇಳುವವಳು ತಾಯಿ ಒಬ್ಬಳೇ.

ಇಂಥ ಶುಭ ಸಂದರ್ಭದಲ್ಲಿ, ತುಪ್ಪದ ಕಾರಣಕ್ಕೆ ಮುನಿಸಿಕೊಂಡು ಮನೆ ಬಿಟ್ಟು, ಮತ್ತೆ ಮನೆಗೆ ಬಂದ ಒಬ್ಬ ಹುಡುಗನನ್ನು ಸ್ಮರಿಸುವುದು ಉಚಿತವಾಗಿದೆ. ಅವನ ಊರೇನೂ ದೂರದ್ದಲ್ಲ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಬಳ್ಳಾರಿ, ಹೊಸಪೇಟೆ, ಕೊಪ್ಪಳ ದಾಟಿದರೆ ಗದಗ. ಅಲ್ಲಿ ಶಾಲೆಯ ಮಾಸ್ತರರಾಗಿದ್ದ ಗುರುರಾಜಾಚಾರ್ಯ ಜೋಶಿಯವರ ಹಿರಿಯ ಮಗ ಅವನು. 1922ರ ಫೆಬ್ರವರಿ 4ರಂದು ಜನನ. ಹೆಸರು ಭೀಮಸೇನ.

ಈ ಹುಡುಗನಿಗೆ ಒಂದು ಚಟವಿತ್ತು. ಬೀದಿಯಲ್ಲಿ ಭಜನೆಯವರು ಹೊರಟರೂ ಸರಿ, ಮೆರವಣಿಗೆಯ ವಾದ್ಯ ಕೇಳಿದರೂ ಸರಿ, ಹಿಂದೆಯೇ ಹೊರಟುಬಿಡುತ್ತಿದ್ದ. ದಣಿದಲ್ಲಿಯೇ ಮಲಗಿ ನಿದ್ದೆ ಹೋಗುತ್ತಿದ್ದ. ಮನೆಯವರು ಹುಡುಕಿ ಹುಡುಕಿ ಸಾಕಾಗಿ ಪೊಲೀಸರವರೆಗೂ ಹೋದದ್ದುಂಟು. ಕೊನೆಗೆ ತಂದೆ ಒಂದು ಉಪಾಯ ಮಾಡಿದರು. ಮಗನ ಅಂಗಿಗಳ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರು. ಎಲ್ಲಿ ಮಲಗಿದ್ದರೂ ಕಂಡವರು ಓದಿ, ಎತ್ತಿಕೊಂಡು ಬಂದು ಮನೆಗೆ ಮುಟ್ಟಿಸತೊಡಗಿದರು. ಉತ್ಸವದ ಗದ್ದಲದಲ್ಲಿ ಮಗುವಿನ ಕೈ ಹಿಡಿದು ನಡೆಯುವ ತಂದೆತಾಯಿಗಳಿಗೆ ಈ ಉಪಾಯದ ಹಿಂದಿನ ಕಳವಳ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗ ಅಂಗಿಯ ಮೇಲಿನ ವಿಳಾಸಕ್ಕೂ ಸಿಗದಷ್ಟು ದೂರ ಹೋದ. ಊಟಕ್ಕೆ ಕುಳಿತವನು ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಕೇಳಿದ, ತಾಯಿ ಬಡಿಸಲಿಲ್ಲ, ಅದೇ ಸಿಟ್ಟಿನಲ್ಲಿ ಎದ್ದು ಹೊರಟ ಎಂಬ ಪ್ರಸಂಗ ಬಹಳ ಪ್ರಸಿದ್ಧ. ತುಂಬು ಸಂಸಾರದಲ್ಲಿ ತುಪ್ಪವನ್ನು ಅಳೆದೇ ಬಡಿಸಬೇಕಾಗುತ್ತದೆ, ತಾಯಿಯದು ತಪ್ಪೆನ್ನಲಾಗದು. ಹುಡುಗನಿಗೂ ತುಪ್ಪ ಒಂದು ನೆಪ ಮಾತ್ರ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿದಂದಿನಿಂದ ಅವನ ಹಸಿವು ಬೇರೆಯೇ ಆಗಿತ್ತು.

ಕೈಯಲ್ಲಿ ಕಾಸಿಲ್ಲ. ರೈಲಿನಲ್ಲಿ ಹಾಡಿದರೆ ಪ್ರಯಾಣಿಕರು ಏನಾದರೂ ಕೊಡುತ್ತಿದ್ದರು. ಗ್ವಾಲಿಯರಿನ ಸಂಗೀತ ವಿದ್ಯಾಲಯದಲ್ಲಿ ಕೆಲಕಾಲ ಕಲಿತ. ಕಲ್ಕತ್ತೆಯಲ್ಲಿ ಚಿತ್ರನಟ ಪಹಾಡಿ ಸನ್ಯಾಲರ ಮನೆಯ ಕೆಲಸಕ್ಕೆ ನಿಂತ. ಪಂಜಾಬಿನ ಜಲಂಧರಕ್ಕೆ ಹೋಗಿ, ಕಣ್ಣಿಲ್ಲದ ಗಾಯಕ ಮಂಗತರಾಮರಲ್ಲಿ ಧ್ರುಪದ ಕಲಿತ. ಒಂದು ಚಮಚ ತುಪ್ಪಕ್ಕೆ ಮುನಿಸಿಕೊಂಡ ಹುಡುಗ ಪರರು ಕೊಟ್ಟದ್ದನ್ನೇ ಪ್ರಸಾದವೆಂದು ಉಂಡ.

ಜಲಂಧರದ ಹರಿವಲ್ಲಭ ಸಂಗೀತ ಮೇಳಕ್ಕೆ ಹಿರಿಯ ಗಾಯಕರಾದ ವಿನಾಯಕರಾವ್ ಪಟವರ್ಧನರು ಬಂದಿದ್ದರು. ದಕ್ಷಿಣದ ಈ ಹುಡುಗನನ್ನು ಅಲ್ಲಿ ಕಂಡು ಅವರಿಗೆ ಆಶ್ಚರ್ಯವಾಯಿತು. ಗುರುವಿಗಾಗಿ ಇಷ್ಟು ದೂರ ಏಕೆ ಬಂದೆ, ನಿನ್ನ ಊರಿನ ಬಳಿಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ, ಅವರಲ್ಲಿ ಹೋಗು ಎಂದು ಬುದ್ಧಿ ಹೇಳಿದರು. ಉತ್ತರ ಹಿಂದೂಸ್ಥಾನವನ್ನೆಲ್ಲ ಸುತ್ತಿ ಹುಡುಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿತ್ತು!

ಇತ್ತ ತಂದೆಯೂ ಹುಡುಕಾಟ ಬಿಟ್ಟಿರಲಿಲ್ಲ. ಸುಳಿವು ಹಿಡಿದು ಜಲಂಧರಕ್ಕೇ ಹೋಗಿ ಮಗನನ್ನು ಮನೆಗೆ ಕರೆತಂದರು. ಭೀಮಸೇನರ ಜೀವನದ ನಿಜವಾದ ತಿರುವು ಇದು ಎಂದರೆ ಅತಿಶಯೋಕ್ತಿಯಲ್ಲ. ಮಾಸ್ತರರು ಮಗನನ್ನು ಕಟ್ಟಿಹಾಕಿ ಓದಿಗೆ ಕೂರಿಸಬಹುದಾಗಿತ್ತು. ಹಾಗೆ ಮಾಡದೆ, ಅವನು ಏನನ್ನು ಅರಸಿ ಹೋದನೋ ಅದನ್ನು ಒದಗಿಸಿಕೊಡಲು ಮುಂದಾದರು. 1936ರಲ್ಲಿ ಸವಾಯಿ ಗಂಧರ್ವರ ಶಿಷ್ಯತ್ವ ದೊರೆಯಿತು. ಕುಂದಗೋಳದ ಗುರುಗೃಹದಲ್ಲಿ ದೂರದಿಂದ ನೀರು ಹೊತ್ತು ತರುತ್ತ, ಮನೆಗೆಲಸ ಮಾಡುತ್ತ, ವರ್ಷಗಟ್ಟಲೆ ಸ್ವರ ತಿದ್ದಿಕೊಂಡರು.

ಮುಂದಿನದು ಲೋಕಕ್ಕೆ ತಿಳಿದದ್ದೇ. ಪುಣೆಯಲ್ಲಿ ನೆಲೆಸಿ, ದೇಶವಿದೇಶಗಳಲ್ಲಿ ಹಾಡಿ, 2008ರಲ್ಲಿ ಭಾರತರತ್ನಕ್ಕೆ ಪಾತ್ರರಾಗಿ, 2011ರ ಜನವರಿ 24ರಂದು ನಾದದಲ್ಲಿ ಲೀನವಾದರು. ಆದರೆ ಮನೆಯ ದಾರಿಯನ್ನು ಅವರು ಮತ್ತೆ ಮರೆಯಲಿಲ್ಲ. 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ, ಕುಂದಗೋಳದ ನಾಡಗೇರ ವಾಡೆಯಲ್ಲಿ ನಡೆಯುತ್ತ ಬಂದ ಅವರ ಪುಣ್ಯತಿಥಿಗೆ ಬಂದು ಹಾಡಿದರು. ಆದವಾನಿಯ ಆಚೆಗಿರುವ ಮಂತ್ರಾಲಯದಲ್ಲಿ ರಾಯರ ಸನ್ನಿಧಿಯಲ್ಲಿ ಸೇವೆ ಸಲ್ಲಿಸಿದರು. ಬಾಲ್ಯದಲ್ಲಿ ತಾಯಿಯ ಬಾಯಲ್ಲಿ ಕೇಳಿದ ದೇವರನಾಮಗಳ ಸವಿ ಅವರ ದಾಸವಾಣಿಯಾಗಿ ಹರಿಯಿತು. ಶ್ರೀ ಪುರಂದರದಾಸರ 'ಭಾಗ್ಯದ ಲಕ್ಷ್ಮೀ ಬಾರಮ್ಮ' ಅವರ ಕಂಠದಿಂದ ಕನ್ನಡಿಗರ ಮನೆಮನೆಯ ಶುಕ್ರವಾರಕ್ಕೆ ಬಂದು ಸೇರಿತು. ತಾಯಿ ಅಂದು ಬಡಿಸದ ತುಪ್ಪವನ್ನು ಜನ ಕಥೆ ಮಾಡಿ ಹೇಳುತ್ತಾರೆ. ಆಕೆ ದಿನವೂ ಕಿವಿಗೆ ಬಡಿಸಿದ್ದನ್ನು ಮಾತ್ರ ಲೋಕವೆಲ್ಲ ಉಂಡಿತು.

ಬಂಧುಗಳೇ, ಈ ಸಭೆಯಲ್ಲಿಯೂ ಮಗ ಮುನಿಸಿಕೊಂಡು ಹೋದ ಮನೆಗಳಿರಬಹುದು. ಹೊಲದ ಮಾತಿಗೋ, ಓದಿನ ಮಾತಿಗೋ, ಒಂದು ತುತ್ತಿನ ಮಾತಿಗೋ ಹೋದವನು ಈ ಉತ್ಸವದ ನೆಪದಲ್ಲಿ ಬಾಗಿಲಿಗೆ ಬಂದಿರಬಹುದು. ಲೆಕ್ಕ ನಾಳೆಗಿರಲಿ. ಮೊದಲು ಎಲೆ ಹಾಕಿ, ಬಿಸಿ ಅನ್ನ ಬಡಿಸಿ, ತುಪ್ಪ ಸ್ವಲ್ಪ ಹೆಚ್ಚೇ ಬೀಳಲಿ. ಉಂಡಾದ ಮೇಲೆ, ಅವನು ಏನನ್ನು ಹುಡುಕಿಕೊಂಡು ಹೋಗಿದ್ದ ಎಂದು ಮಾಸ್ತರರಂತೆ ಸಮಾಧಾನದಿಂದ ಕೇಳಿ. ಇನ್ನು ಬಾರದಿರುವ ಮಕ್ಕಳೂ ಕೇಳಲಿ: ಅಂಗಿಯ ಮೇಲಿನ ಅಕ್ಷರ ಅಳಿಸಿಹೋದರೂ ತಂದೆತಾಯಿಯ ಮನಸ್ಸಿನಲ್ಲಿರುವ ವಿಳಾಸ ಅಳಿಸುವುದಿಲ್ಲ.

ಎಲ್ಲರ ಮನೆಯ ಮಕ್ಕಳನ್ನೂ ಸುಖವಾಗಿ ಮನೆಗೆ ಮುಟ್ಟಿಸುವ ಕೃಪೆಯನ್ನು ಭಗವಂತನು ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.