‘ಫ್ರೂಗಲ್’ ಮತ್ತು ‘ಥ್ರಿಫ್ಟಿ’

ಇಂಗ್ಲಿಷಿನ ‘ಫ್ರೂಗಲ್’, ‘ಥ್ರಿಫ್ಟಿ’ ಎಂಬೆರಡು ಮಾತುಗಳಿಗೂ ‘ಮಿತವ್ಯಯದ’ ಎಂದು ಒಂದೇ ಅರ್ಥ ಬರೆಸುವುದು ನಮ್ಮಲ್ಲಿ ರೂಢಿ. ಇಪ್ಪತ್ತು ವರ್ಷ ನಾನೂ ಹಾಗೆಯೇ ಬರೆಸಿದವನು. ಒಮ್ಮೆ ಭಾಷಾಂತರದ ತರಗತಿಯಲ್ಲಿ ಹುಡುಗನೊಬ್ಬ ಎದ್ದು, “ಪಾಠದಲ್ಲಿ ಫ್ರೂಗಲ್ ಊಟ ಎಂದಿದೆ; ಥ್ರಿಫ್ಟಿ ಊಟ ಎಂದರೆ ತಪ್ಪೇ, ಸಾರ್?” ಎಂದು ಕೇಳಿದ. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ.

ಫ್ರೂಗಲ್ ಲ್ಯಾಟಿನ್ ಮೂಲದ್ದು. ಫಲ ಎಂಬರ್ಥದ ಮಾತಿನಿಂದ ಬಂದುದು. ಥ್ರಿಫ್ಟ್ ನಾರ್ಸ್ ಮೂಲದ್ದು. ಏಳಿಗೆ ಹೊಂದು ಎಂಬರ್ಥದ ‘ಥ್ರೈವ್’ ಅದರ ಒಡಹುಟ್ಟು. ಬಳಕೆಯಲ್ಲಿ ಮೊದಲನೆಯದು ಸ್ವಲ್ಪದಲ್ಲೇ ಸಾಕೆನ್ನುವುದು. ಎರಡನೆಯದು ಆ ಸ್ವಲ್ಪದಲ್ಲೂ ನಾಳೆಗೆಂದು ಮಿಗಿಸುವುದು.

ನಮ್ಮ ತಾಯಿಯವರಿಗೆ ಅನ್ನ, ಸೊಪ್ಪಿನ ಸಾರು ಇದ್ದರೆ ಮುಗಿಯಿತು. ಇದು ಫ್ರೂಗಲ್. ಆದರೆ ಎಸರಿಗೆ ಹಾಕುವ ಮುನ್ನ ದಿನವೂ ಒಂದು ಹಿಡಿ ಅಕ್ಕಿಯನ್ನು ಬೇರೆ ಮಡಕೆಗೆ ಸುರಿಯುತ್ತಿದ್ದರು. ಇದು ಥ್ರಿಫ್ಟ್. ನೆಂಟರು ಜಿಪುಣಿ ಎಂದರು. ಹುಡುಗತನದಲ್ಲಿ ನಾನೂ ಅಂದೆ. (ಜಿಪುಣತನಕ್ಕೆ ಇಂಗ್ಲಿಷರಲ್ಲಿ ಬೇರೆಯೇ ಮಾತುಂಟು.) ನನ್ನ ಪರೀಕ್ಷೆಯ ಶುಲ್ಕ ಕಟ್ಟಿದ್ದು ಆ ಮಡಕೆಯ ಅಕ್ಕಿ ಮಾರಿದ ಹಣದಿಂದ.

ಈಗ ತರಗತಿಯಲ್ಲಿ ಫ್ರೂಗಲ್ ಊಟಕ್ಕೆ ‘ಮಿತವಾದ ಊಟ’ ಎಂದೂ ಥ್ರಿಫ್ಟಿ ಗೃಹಿಣಿಗೆ ‘ಮಿಗಿಸಿ ಬಾಳುವ ಗೃಹಿಣಿ’ ಎಂದೂ ಬರೆಸುತ್ತೇನೆ.