ಮೆಟ್ನರ್ ಅವರ ಪಿಯಾನೋ, ಮೈಸೂರಿನ ಮಹಾರಾಜರು



1946ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಯ ಒಂದು ಮನೆಗೆ ಮೈಸೂರು ಸಂಸ್ಥಾನದ ಕಡೆಯಿಂದ ಪ್ರಸ್ತಾಪವೊಂದು ಬಂತು. ಆ ಮನೆಯಲ್ಲಿದ್ದವರು ಅರವತ್ತಾರು ವರ್ಷದ ರಷ್ಯನ್ ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್. ಹೃದಯದ ಕಾಯಿಲೆ, ಕೈಯಲ್ಲಿ ಕಾಸಿಲ್ಲ, ಹೆಸರು ಕೇಳಿದವರೂ ಕಡಿಮೆ. ಪ್ರಸ್ತಾಪ ಇಷ್ಟೇ: ನಿಮ್ಮ ರಚನೆಗಳನ್ನು ನೀವೇ ನುಡಿಸಿ, ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಳ್ಳೋಣ, ಖರ್ಚು ಮಹಾರಾಜರದು. ಆಗ ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ಇಪ್ಪತ್ತೇಳು ವರ್ಷ.

ಇದನ್ನು ಅರಸರ ಖಯಾಲಿ ಎಂದು ತಳ್ಳಿಹಾಕುವುದು ಸುಲಭ. ಹಾಗಲ್ಲ ಎನ್ನುವುದಕ್ಕೆ ಮೊದಲು ಮೆಟ್ನರ್ ಯಾರು ಎಂದು ನೋಡಬೇಕು.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, ಈಗಿನ ಪಂಚಾಂಗದ ಪ್ರಕಾರ 1880ರ ಜನವರಿ 5ರಂದು. ಜರ್ಮನ್ ಮೂಲದ ಮನೆತನ. ಮೊದಲ ಪಿಯಾನೋ ಪಾಠ ತಾಯಿಯಿಂದ, ಆಮೇಲೆ ಸೋದರಮಾವನಿಂದ. ಮಾಸ್ಕೋ ಕನ್ಸರ್ವೇಟರಿಯಲ್ಲಿ ಸಫೊನೊವ್ ಅವರ ಶಿಷ್ಯರಾಗಿ 1900ರಲ್ಲಿ ಪದವಿ ಮುಗಿಸಿದಾಗ, ಇನ್ನು ಈ ಹುಡುಗ ಊರೂರು ತಿರುಗಿ ಕಛೇರಿ ಮಾಡುತ್ತಾನೆ, ದುಡ್ಡು, ಹೆಸರು ಎರಡನ್ನೂ ಗಳಿಸುತ್ತಾನೆ ಎಂದು ಗುರುಗಳೂ ಮನೆಯವರೂ ಲೆಕ್ಕ ಹಾಕಿದ್ದರು. ಹುಡುಗ ಒಪ್ಪಲಿಲ್ಲ. ನಾನು ಬರೆಯುತ್ತೇನೆ, ನುಡಿಸಿದರೂ ಹೆಚ್ಚಾಗಿ ನನ್ನದನ್ನೇ ನುಡಿಸುತ್ತೇನೆ ಎಂದು ಕೂತರು.

ಹಟ ಅವರ ಸ್ವಭಾವದಲ್ಲೇ ಇತ್ತು. 1910ರಲ್ಲಿ ಬೀಥೋವನ್ನನ ನಾಲ್ಕನೆಯ ಕನ್ಸರ್ಟೋ ನುಡಿಸಬೇಕಿತ್ತು. ವಾದ್ಯವೃಂದವನ್ನು ನಡೆಸಲು ಬಂದಿದ್ದವರು ಯೂರೋಪಿನಲ್ಲೆಲ್ಲ ಹೆಸರುವಾಸಿಯಾಗಿದ್ದ ಮೆಂಗೆಲ್‌ಬರ್ಗ್. ತಾಲೀಮಿನಲ್ಲಿ ಗತಿಯ ವಿಷಯಕ್ಕೆ ಮಾತು ಬೆಳೆಯಿತು, ಮೆಂಗೆಲ್‌ಬರ್ಗ್ ಒರಟಾಗಿ ನಡೆದುಕೊಂಡರು, ಮೆಟ್ನರ್ ಪಿಯಾನೋ ಬಿಟ್ಟು ಎದ್ದು ಹೊರಟೇಬಿಟ್ಟರು. ಮಾಸ್ಕೋದ ಸಂಗೀತಗಾರರಲ್ಲಿ ದೊಡ್ಡ ಗುಲ್ಲಾಯಿತು. ರಾಜಿ ಮಾಡಿಕೊಂಡು ಮುಂದೆ ಬರುವ ಜಾಯಮಾನ ಅವರದಲ್ಲ.

ಇನ್ನು ಅವರು ಬರೆದದ್ದು. ಪಿಯಾನೋಗೆ 14 ಸೊನಾಟಾ, ಮೂರು ಕನ್ಸರ್ಟೋ, ಪಿಟೀಲಿಗೆ ಮೂರು ಸೊನಾಟಾ, ಪುಷ್ಕಿನ್ ಮತ್ತು ಗಯಟೆ ಮುಂತಾದವರ ಕವಿತೆಗಳಿಗೆ ನೂರಕ್ಕೂ ಮಿಕ್ಕಿ ಹಾಡುಗಳು. ಇವುಗಳ ಜೊತೆಗೆ ‘ಸ್ಕಾಜ್ಕಿ’ ಎಂದು ಹೆಸರಿಟ್ಟ, ಕಥೆ ಹೇಳುವ ಧಾಟಿಯ ಸಣ್ಣ ಪಿಯಾನೋ ರಚನೆಗಳು ಮೂವತ್ತಕ್ಕೂ ಹೆಚ್ಚು. ಒಂದು ಪುಟ್ಟ ಸ್ವರಗುಚ್ಛವನ್ನು ಹಿಡಿದು, ಅದನ್ನು ತಿರುಗಿಸಿ, ಮಡಿಸಿ, ಎಡಗೈಯಲ್ಲಿ ಒಂದು ಲಯ, ಬಲಗೈಯಲ್ಲಿ ಇನ್ನೊಂದು ಎಂದು ಕಟ್ಟುತ್ತ ಹೋಗುವುದು ಅವರ ರೀತಿ. ನಮ್ಮ ರಾಗ ವಿಸ್ತಾರಕ್ಕೆ ಹೋಲಿಸುವ ಆಸೆಯಾಗುತ್ತದೆ, ಆದರೆ ಅದು ಸರಿಯಾಗದು. ನಮ್ಮಲ್ಲಿ ವಿಸ್ತಾರ ಒಂದೇ ಎಳೆಯಲ್ಲಿ ನಡೆಯುತ್ತದೆ; ಇಲ್ಲಿ ಮೂರು ನಾಲ್ಕು ಎಳೆಗಳು ಒಟ್ಟಿಗೆ ಓಡುತ್ತಿರುತ್ತವೆ, ಕಿವಿ ಯಾವುದನ್ನೂ ಬಿಡುವಂತಿಲ್ಲ. 1911ರ ‘ನೈಟ್ ವಿಂಡ್’ ಸೊನಾಟಾ ಅರ್ಧ ಗಂಟೆಗೂ ಮೀರಿ, ಎಲ್ಲೂ ನಿಲ್ಲದೆ ಸಾಗುತ್ತದೆ. ಮೊದಲ ಸಲ ಕೇಳಿದವರಿಗೆ ದಣಿವಾದರೆ ಅದು ಕೇಳುಗರ ತಪ್ಪಲ್ಲ.

ಆ ಸೊನಾಟಾವನ್ನು ಅರ್ಪಿಸಿದ್ದು ಗೆಳೆಯ ರಾಖ್ಮನಿನೋವ್ ಅವರಿಗೆ. ಇಬ್ಬರದೂ ಆಜೀವ ಸ್ನೇಹ. ರಾಖ್ಮನಿನೋವ್ ತಮ್ಮ ನಾಲ್ಕನೆಯ ಕನ್ಸರ್ಟೋವನ್ನು ಮೆಟ್ನರ್‌ಗೆ ಅರ್ಪಿಸಿದರು, ಮೆಟ್ನರ್ ತಮ್ಮ ಎರಡನೆಯದನ್ನು ಅವರಿಗೆ. ಆದರೆ ಹಣೆಬರಹ ಬೇರೆ ಬೇರೆ. ಕ್ರಾಂತಿಯ ನಂತರ ದೇಶ ಬಿಟ್ಟ ರಾಖ್ಮನಿನೋವ್ ಅಮೆರಿಕದಲ್ಲಿ ತಾರೆಯಾದರು. 1921ರಲ್ಲಿ ಹೊರಟ ಮೆಟ್ನರ್ ಮೊದಲು ಬರ್ಲಿನ್, ಆಮೇಲೆ ಪ್ಯಾರಿಸ್ಸಿನ ಹತ್ತಿರ ಬಿಡಾರ ಹೂಡಿದರು. ಎರಡು ಕಡೆಯೂ ಜನ ಕೇಳುತ್ತಿದ್ದದ್ದು ಹೊಸ ಬಗೆಯ ಸಂಗೀತ, ಸ್ಟ್ರಾವಿನ್‌ಸ್ಕಿಯದು, ಶೋನ್‌ಬರ್ಗ್‌ರದು. ಮೆಟ್ನರ್‌ಗೆ ಅದೆಲ್ಲ ಅಪಸ್ವರ. ಅಷ್ಟಕ್ಕೆ ಸುಮ್ಮನಿರದೆ, ಹಳೆಯ ನಿಯಮಗಳೇ ಶಾಶ್ವತ ಎಂದು ವಾದಿಸುವ ಒಂದು ಪುಸ್ತಕವನ್ನೂ ಬರೆದರು. 1935ರಲ್ಲಿ ಅದನ್ನು ಅಚ್ಚು ಹಾಕಿಸಿದ್ದೂ ರಾಖ್ಮನಿನೋವ್ ಅವರ ಪ್ರಕಾಶನವೇ. ಪುಸ್ತಕದ ವಾದ ನನಗೆ ಒಪ್ಪಿಗೆಯಾಗಿಲ್ಲ. ಅದರಿಂದ ಅವರಿಗೆ ಲಾಭವೂ ಆಗಲಿಲ್ಲ.

ಅದೇ ವರ್ಷ ಅವರು ಹೆಂಡತಿ ಆನಾ ಜೊತೆ ಲಂಡನ್ನಿಗೆ ಬಂದು ನೆಲೆಸಿದರು. ಇಂಗ್ಲೆಂಡಿನಲ್ಲಿ ಸಣ್ಣದಾದರೂ ನಿಷ್ಠಾವಂತ ಬಳಗವೊಂದಿತ್ತು. ಪಾಠ ಹೇಳುತ್ತಿದ್ದರು, ಜರ್ಮನಿಯ ಪ್ರಕಾಶಕರಿಂದ ಒಂದಿಷ್ಟು ಹಣ ಬರುತ್ತಿತ್ತು. ಯುದ್ಧ ಶುರುವಾದದ್ದೇ ಆ ಹಣ ನಿಂತಿತು. ಬಾಂಬು ಬೀಳತೊಡಗಿದಾಗ ಶಿಷ್ಯೆ, ಪಿಯಾನೋ ವಾದಕಿ ಎಡ್ನಾ ಐಲ್ಸ್ ಮೆಟ್ನರ್ ದಂಪತಿಯನ್ನು ವಾರಿಕ್‌ಷೈರಿನ ಹಳ್ಳಿಗಾಡಿಗೆ ಕರೆಸಿಕೊಂಡರು. 1942ರಲ್ಲಿ ಹೃದಯಾಘಾತ. ಚೇತರಿಸಿಕೊಂಡು, 1943ರಲ್ಲಿ ಮೂರನೆಯ ಕನ್ಸರ್ಟೋ ಮುಗಿಸಿ, ಮರುವರ್ಷ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಏಡ್ರಿಯನ್ ಬೋಲ್ಟ್ ಅವರ ನಿರ್ದೇಶನದಲ್ಲಿ ತಾವೇ ನುಡಿಸಿದರು.

ಮೈಸೂರಿನ ಪ್ರಸ್ತಾಪ ಬಂದದ್ದು ಇದಾದ ಮೇಲೆ.

ಮಹಾರಾಜರಿಗೆ ಪಿಯಾನೋ ಕೇಳಿ ಬಲ್ಲ ವಿದ್ಯೆಯಾಗಿರಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪಿಯಾನೋ ಪರೀಕ್ಷೆ ಮುಗಿಸಿದ್ದರು. ಟ್ರಿನಿಟಿ ಕಾಲೇಜು 1945ರಲ್ಲಿ ಗೌರವ ಫೆಲೋ ಮಾಡಿತ್ತು. ಕಛೇರಿ ಕೊಡುವ ಪಿಯಾನೋ ವಾದಕರಾಗುವ ಆಸೆ ಅವರಿಗಿತ್ತು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡು ಸಿಂಹಾಸನ ಹೆಗಲಿಗೆ ಬಂತು, ಆಸೆ ಅಲ್ಲಿಗೇ ನಿಂತಿತು. ಇದೇ ನಲವತ್ತರ ದಶಕದ ನಡುವಿನಲ್ಲಿ, ಲಂಡನ್ನಿನಲ್ಲಿ ಮೆಟ್ನರ್ ತಟ್ಟೆಗಳು ತಯಾರಾಗುತ್ತಿದ್ದಾಗ, ಅರಮನೆಯಲ್ಲಿ ಮಹಾರಾಜರು ‘ಶ್ರೀವಿದ್ಯಾ’ ಅಂಕಿತದಲ್ಲಿ ಸಂಸ್ಕೃತ ಕೃತಿಗಳನ್ನು ರಚಿಸುತ್ತಿದ್ದರು, ಅಪರೂಪದ ರಾಗಗಳನ್ನು ಹುಡುಕಿ ಹುಡುಕಿ. ಜನಪ್ರಿಯವಲ್ಲದ್ದರ ಮೇಲೆ ಅವರಿಗಿದ್ದ ಒಲವು ಎರಡು ಸಂಗೀತಕ್ಕೂ ಒಂದೇ.

ಹೀಗೆ, ಈ ತಟ್ಟೆಗಳನ್ನು ಹೊರತರಲೆಂದು, ಮೆಟ್ನರ್ ಸೊಸೈಟಿ ಹುಟ್ಟಿತು. ಮುದ್ರಿಸಲು ಎಚ್‌ಎಂವಿ ಕಂಪನಿ, ಜೊತೆಗೆ ನುಡಿಸಲು ಹೊಸದಾಗಿ ಕಟ್ಟಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದ. ಆ ಕಾಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ದೊಡ್ಡ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ನಾಲ್ಕೂವರೆ ನಿಮಿಷದ ಸಂಗೀತ. ಅರ್ಧ ಗಂಟೆಯ ಕನ್ಸರ್ಟೋವನ್ನು ತುಂಡು ತುಂಡಾಗಿ ನುಡಿಸಬೇಕು. ಕೆಂಪು ದೀಪ ಹತ್ತಿದಾಗ ಶುರು, ತಟ್ಟೆಯ ಮಗ್ಗುಲು ಮುಗಿಯುವ ಮೊದಲು ನಿಲುಗಡೆ, ಮತ್ತೆ ಅದೇ ಕಾವಿನಲ್ಲಿ ಮುಂದಿನ ತುಂಡು. ಒಂದು ಸ್ವರ ಜಾರಿದರೆ ಇಡೀ ಮಗ್ಗುಲನ್ನು ಮೊದಲಿಂದ ನುಡಿಸಬೇಕು. ಈಗಿನಂತೆ ಕತ್ತರಿಸಿ ಅಂಟಿಸುವ ಸೌಕರ್ಯ ಇರಲಿಲ್ಲ. ಹೃದಯಾಘಾತವಾದ ಮುದುಕರೊಬ್ಬರು ಹೀಗೆ ತಮ್ಮ ಮೂರೂ ಕನ್ಸರ್ಟೋಗಳನ್ನು ಮುಗಿಸಿದರು. ಸೊನಾಟಾಗಳು, ಸ್ಕಾಜ್ಕಿಗಳು, ಹಾಡುಗಳು ಬೇರೆ. ಹಾಡಿದವರಲ್ಲಿ ರಷ್ಯದ ಓಡಾ ಸ್ಲೊಬೊಡ್‌ಸ್ಕಾಯಾ ಇದ್ದರು, 1950ರಲ್ಲಿ ಎಲಿಜಬೆತ್ ಶ್ವಾರ್ಜ್‌ಕಾಫ್ ಕೂಡ. ಮೂರನೆಯ ಕನ್ಸರ್ಟೋವನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದರು.

ಇಲ್ಲೊಂದು ತಮಾಷೆ ಇದೆ. ಮೈಸೂರಿನ ನೆರವು ಮೆಟ್ನರ್ ಒಬ್ಬರಿಗೇ ಮೀಸಲಾಗಿರಲಿಲ್ಲ. ಎಚ್‌ಎಂವಿಯ ವಾಲ್ಟರ್ ಲೆಗ್ ಮೈಸೂರಿಗೇ ಬಂದು ಅರಮನೆಯ ರೆಕಾರ್ಡುಗಳ ಭಂಡಾರ ನೋಡಿ ದಂಗಾಗಿ ಹೋಗಿದ್ದರು. ಫಿಲ್‌ಹಾರ್ಮೋನಿಯಾಗೆ ವರ್ಷಕ್ಕೆ 10,000 ಪೌಂಡಿನ ಭರವಸೆ ಪಡೆದೇ ಮರಳಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ನಡೆದದ್ದೂ ಮಹಾರಾಜರ ನೆರವಿನಿಂದ. ಅದೇ ಸ್ಟ್ರಾಸ್ ಸಂಗೀತ ಮೆಟ್ನರ್‌ಗೆ ಸುತರಾಂ ಆಗುತ್ತಿರಲಿಲ್ಲ! ಕಲಾವಿದರಿಗೆ ಇಷ್ಟು ಹಟ ಒಪ್ಪುತ್ತದೆ, ಪೋಷಕರಿಗೆ ಒಪ್ಪುವುದಿಲ್ಲ. ಮಹಾರಾಜರಿಗೆ ಅದು ಗೊತ್ತಿತ್ತು ಎಂದು ಕಾಣುತ್ತದೆ.

ತಾರುಣ್ಯದಲ್ಲಿ ಆರಂಭಿಸಿ ದಶಕಗಟ್ಟಲೆ ತಿದ್ದುತ್ತಿದ್ದ ಪಿಯಾನೋ ಪಂಚವಾದ್ಯ ರಚನೆಯನ್ನು ಮೆಟ್ನರ್ ಕೊನೆಗೂ ಮುಗಿಸಿದರು. 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ಹೆಂಡತಿ ಆನಾ 1958ರಲ್ಲಿ ಸೋವಿಯತ್ ದೇಶಕ್ಕೆ ಮರಳಿದರು. ಮರುವರ್ಷದಿಂದ ಮಾಸ್ಕೋದಲ್ಲಿ ಮೆಟ್ನರ್ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಹೊರಬಂದವು. ಪಶ್ಚಿಮದಲ್ಲಿ ಮಾತ್ರ ಬಹುಕಾಲ ಅವರನ್ನು ಕೇಳಿದವರು ವಿರಳ. ಹ್ಯಾಮಿಷ್ ಮಿಲ್ನ್, ಜೆಫ್ರಿ ಟೋಜರ್, ಮಾರ್ಕ್ ಆಂದ್ರೆ ಹ್ಯಾಮಲಿನ್ ಮುಂತಾದವರು ಒಂದೊಂದಾಗಿ ಅವರ ರಚನೆಗಳನ್ನು ಕೈಗೆತ್ತಿಕೊಂಡ ಮೇಲೆ ಪರಿಸ್ಥಿತಿ ಬದಲಾಯಿತು. ಗತಿ ಎಷ್ಟಿರಬೇಕು, ಯಾವ ಎಳೆ ಮುಂದೆ ಬರಬೇಕು ಎಂಬ ಸಂದೇಹ ಬಂದಾಗ ಇಂದಿನ ವಾದಕರಿಗೆ ರಚನಕಾರರ ಸ್ವಂತ ಕೈಯ ಸಾಕ್ಷ್ಯ ಸಿಗುವುದು ಆ ತಟ್ಟೆಗಳಲ್ಲೇ.

ಹೊಸದಾಗಿ ಕೇಳುವವರಿಗೆ ಒಂದು ಮಾತು. ‘ನೈಟ್ ವಿಂಡ್’ನಿಂದ ಶುರು ಮಾಡಬೇಡಿ. ಓಪಸ್ 20ರ ಮೊದಲನೆಯ ಸ್ಕಾಜ್ಕಾ ಹುಡುಕಿ, ಮೆಟ್ನರ್ ಅವರೇ ನುಡಿಸಿದ್ದಿದೆ, ಕೆಲವೇ ನಿಮಿಷಗಳದು. ಅದು ಹಿಡಿಸಿದರೆ ‘ಸೊನಾಟಾ ರೆಮಿನಿಸೆಂಜಾ’. ಅದೂ ಹಿಡಿಸಿದರೆ ಮೂರನೆಯ ಕನ್ಸರ್ಟೋಗೆ ಬನ್ನಿ, ಮುದ್ರಣದ ಗೊರಗೊರ ಸದ್ದನ್ನು ಒಂದೈದು ನಿಮಿಷ ಸಹಿಸಿಕೊಳ್ಳಿ.