ಹೊರಸಿನ ನಾಲ್ಕು ಮೂಲೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಹೀಗೆ ನಮ್ಮ ಸೀಮೆಯ ಯಾವ ಊರಿನ ಕಟ್ಟೆಯ ಮೇಲೆ ಕೂತರೂ, ಎಪ್ಪತ್ತು ದಾಟಿದವರ ಬಾಯಲ್ಲಿ ಒಂದು ಮಾತು ಬಂದೇ ಬರುತ್ತದೆ. "ಕೈಕಾಲು ಗಟ್ಟಿ ಇರೂದ್ರಾಗ ಕರಕೊಂಡುಬಿಡಪಾ ದೇವರೇ, ಯಾರ ಕೈಯಾಗೂ ಮಾಡಿಸಿಕೊಳ್ಳೂದು ಬ್ಯಾಡ." ವೀರನಾರಾಯಣನ ಗುಡಿಯ ಮುಂದೂ ಇದೇ ಪ್ರಾರ್ಥನೆ, ಲಕ್ಷ್ಮೇಶ್ವರದ ದೂದಪೀರಾ ದರ್ಗಾದ ಹತ್ತಿರವೂ ಇದೇ, ಬೆಟಗೇರಿಯ ಚರ್ಚಿನ ಅಂಗಳದಲ್ಲೂ ಇದೇ. ಎಲ್ಲ ಧರ್ಮದವರೂ ತಕರಾರಿಲ್ಲದೆ ಒಪ್ಪುವ ಮಾತು ಇದೊಂದೇ ಇರಬೇಕು. ನನಗೆ ಮಾತ್ರ ಇದರ ಮೇಲೆ ಒಂದು ತಕರಾರು ಇದೆ.

ಆ ತಕರಾರು ಏಕೆಂದು ಹೇಳಲು ಬೈಬಲ್ಲಿನ ಒಂದು ಘಟನೆ ನೆನೆಯಬೇಕು. ಅದು ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಬರುತ್ತದೆ. ಕಪೆರ್ನೌಮ್ ಎಂಬ ಊರಿನ ಒಂದು ಮನೆಯಲ್ಲಿ ಯೇಸು ಮಾತಾಡುತ್ತಿದ್ದಾನೆ. ಬಾಗಿಲಲ್ಲಿ ಕಾಲಿಡಲೂ ಜಾಗವಿಲ್ಲದಷ್ಟು ಜನ. ಲಕ್ವಾ ಹೊಡೆದ ಒಬ್ಬನನ್ನು ಹಾಸಿಗೆಯ ಸಮೇತ ನಾಲ್ಕು ಜನ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಅವರು ಮಾಳಿಗೆ ಹತ್ತುತ್ತಾರೆ, ಮಾಳಿಗೆಯನ್ನು ಅಗೆಯುತ್ತಾರೆ, ಆ ಕಿಂಡಿಯಿಂದ ಗೆಳೆಯನನ್ನು ಕೆಳಗೆ ಇಳಿಸುತ್ತಾರೆ.

ಇದೇ ಕಥೆಯನ್ನು ಲೂಕನೂ ಹೇಳುತ್ತಾನೆ. ಆದರೆ ಅವನ ಕಥೆಯಲ್ಲಿ ತೆಗೆಯುವುದು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮಂಗಳೂರಿನ ಕಡೆಯವರಿಗೆ ಲೂಕನ ಮನೆ ಚೆನ್ನಾಗಿ ಕಣ್ಣಿಗೆ ಕಟ್ಟೀತು. ಮಾರ್ಕನ ಮನೆ ನಮ್ಮದು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ-ಕಂಟಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಹರಡಿ ತುಳಿಯಬೇಕು, ಇಲ್ಲದಿದ್ದರೆ ಮೃಗಶಿರಾ ಮಳೆಗೇ ಸೋರುತ್ತದೆ. ನಡುವೆ ಒಂದು ಬೆಳಕಿಂಡಿ, ಮಳೆ ಬಂದರೆ ಅದರ ಮೇಲೆ ಒಂದು ಗಡಿಗೆ ಕವುಚಿ ಹಾಕುವುದು. ಇಂಥ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ನಾಲ್ವರು ಮಾಡಿದ್ದು ಎಂಥ ಕೆಲಸ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕಿಂಡಿಯಲ್ಲಿ ಆಳು ಇಳಿಯುವುದಿಲ್ಲ. ಗುದ್ದಲಿ ಹಾಕಲೇಬೇಕು. ಕೆಳಗೆ ಕೂತವರ ರುಮಾಲಿನ ಮೇಲೆ, ಪಂಡಿತರ ಅಂಗಿಯ ಮೇಲೆ ಮಣ್ಣು ಉದುರಿರಲೇಬೇಕು. ಕಥೆಯಲ್ಲಿ ಅದನ್ನು ಬರೆದಿಲ್ಲ, ಆದರೆ ಮಾಳಿಗೆ ಅಗೆದರೆ ಮಣ್ಣು ಬೀಳದೆ ಇರುತ್ತದೆಯೇ!

ಆ ನಾಲ್ವರ ಧೈರ್ಯದ ಬಗ್ಗೆ, ಗೆಳೆತನದ ಬಗ್ಗೆ ಉಪದೇಶಗಳನ್ನು ಬೇಕಾದಷ್ಟು ಕೇಳಿದ್ದೇವೆ. ವಯಸ್ಸಾದಂತೆ ನನ್ನ ಲಕ್ಷ್ಯ ಹೋಗುವುದು ಹಾಸಿಗೆಯ ಮೇಲೆ ಮಲಗಿದವನ ಕಡೆಗೆ. ಇಡೀ ಕಥೆಯಲ್ಲಿ ಅವನು ಒಂದು ಮಾತನ್ನೂ ಆಡುವುದಿಲ್ಲ. ನಡುಬೀದಿಯಲ್ಲಿ ಊರ ಜನ ನೋಡುತ್ತಿರುವಂತೆ ನಾಲ್ಕು ಜನರ ಕೈಯಲ್ಲಿ ತೂಗಾಡುತ್ತ ಬಂದ. ಹಗ್ಗದಲ್ಲೋ ಸೆಲ್ಲೆಯಲ್ಲೋ ಇಳಿದ. ಬಿದ್ದೇನೆಂಬ ಅಂಜಿಕೆ ಇದ್ದಿರಬೇಕು, ನಾಚಿಕೆಯೂ ಇದ್ದಿರಬೇಕು. "ನನ್ನ ಇಲ್ಲೇ ಇಳಿಸ್ರೋ, ಯಾರ ಹಂಗೂ ಬ್ಯಾಡ" ಎಂದು ಅವನು ಹಟ ಹಿಡಿದಿದ್ದರೆ ಆ ನಾಲ್ವರ ಗೆಳೆತನ ಬೀದಿಯಲ್ಲೇ ಮುಗಿಯುತ್ತಿತ್ತು. ಹೊರುವುದಕ್ಕೆ ಬೇಕಾದದ್ದು ರಟ್ಟೆ. ಹೊರಿಸಿಕೊಳ್ಳುವುದಕ್ಕೆ ಬೇಕಾದದ್ದು ಅದಕ್ಕಿಂತ ದೊಡ್ಡದು, ಜೀವಮಾನವೆಲ್ಲ ದುಡಿದು ಉಂಡವರಿಗಂತೂ ಬಹಳ ಕಷ್ಟದ್ದು.

ಯೇಸುವಿನ ಶಿಷ್ಯ ಪೇತ್ರನೂ ಅಂಥವನೇ: ಮೀನುಗಾರ, ಗಟ್ಟಿ ಆಳು, ಮುನ್ನುಗ್ಗುವ ಸ್ವಭಾವದವನು. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಯೇಸು ಅವನಿಗೆ ಹೇಳುವ ಮಾತು ವಿಚಿತ್ರವಾಗಿದೆ. ಹರೆಯದಲ್ಲಿ ನಡು ಕಟ್ಟಿಕೊಂಡು ಬೇಕಾದ ಕಡೆ ಹೋಗುತ್ತಿದ್ದೆ, ಮುಪ್ಪಿನಲ್ಲಿ ಕೈ ಚಾಚುವೆ, ಬೇರೆಯವರು ನಿನ್ನ ನಡು ಕಟ್ಟಿ, ನಿನಗೆ ಮನಸ್ಸಿಲ್ಲದ ಕಡೆಗೆ ಒಯ್ಯುತ್ತಾರೆ ಎಂಬುದು ಅದರ ತಾತ್ಪರ್ಯ. ಅದು ಪೇತ್ರನ ಮರಣದ ಸೂಚನೆ ಎಂದು ಯೋಹಾನ ಅಲ್ಲೇ ಹೇಳುತ್ತಾನೆ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಮಾತು ಕೇಳದಿದ್ದಾಗ ಆ ಸಾಲನ್ನು ಓದಿ ನೋಡಿ, ಪೇತ್ರನೊಬ್ಬನಿಗೇ ಹೇಳಿದ್ದಲ್ಲ ಅನಿಸುತ್ತದೆ.

ಈಗ ನಮ್ಮ ಮನೆಗಳ ಸ್ಥಿತಿ ಹೇಗಿದೆ? ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ. ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋದವರ ಮನೆಗಳಲ್ಲಿ ಉಳಿದವರು ಮುದುಕರು ಮತ್ತು ಮೊಮ್ಮಕ್ಕಳು. ತಂದೆತಾಯಿಗೆ ಅನ್ನ ಹಾಕದ ಮಕ್ಕಳ ಮೇಲೆ ದೂರು ಕೊಡಲು 2007ರಲ್ಲಿ ಕಾಯದೆಯೇ ಬಂದಿದೆ. ಜೀವನಾಂಶಕ್ಕೆ ಆದೇಶ ಮಾಡಬಹುದು, ಸಂಜೆ ಹೊತ್ತು ಬಂದು ಮಂಚದ ಪಕ್ಕ ಕೂಡು ಎಂದು ಯಾವ ಅಧಿಕಾರಿಯೂ ಆದೇಶ ಮಾಡಲಾರ. ಅಲ್ಲಿ ಗೆಳೆಯರೇ ಆಗಬೇಕು. ಗೆಳೆಯರೆಂದರೆ ಸಣ್ಣ ಸಣ್ಣ ಕೆಲಸದವರು: ಬೆಟಗೇರಿಯ ಮಿಷನ್ ಆಸ್ಪತ್ರೆಗೆ, ಹಳಬರ ಬಾಯಲ್ಲಿ ಜರ್ಮನ್ ಆಸ್ಪತ್ರೆಗೆ, ಬೆಳಿಗ್ಗೆಯೇ ಹೋಗಿ ಪಾಳಿ ಹಚ್ಚುವವನೊಬ್ಬ, ನವೆಂಬರ್ ತಿಂಗಳಲ್ಲಿ, "ಇವರು ಇನ್ನೂ ಇದ್ದಾರೆ" ಎಂದು ಸರ್ಕಾರಕ್ಕೆ ತೋರಿಸಲು ಪಿಂಚಣಿದಾರನನ್ನು ಆಟೋದಲ್ಲಿ ಬ್ಯಾಂಕಿಗೆ ಕರೆದೊಯ್ಯುವವನೊಬ್ಬ, ಪೇಪರ್ ಓದಿ ಹೇಳುವವನೊಬ್ಬ, ಏನೂ ಮಾಡದೆ ಜಗಳ ಮಾತ್ರ ಆಡುವವನೊಬ್ಬ. ನಾಲ್ಕನೆಯವನು ಬೇಡವೆಂದುಕೊಳ್ಳಬೇಡಿ, ಅವನು ಬಾರದ ದಿನ ಹಾಸಿಗೆಯಲ್ಲಿದ್ದವರು ಸಪ್ಪಗಾಗುತ್ತಾರೆ.

ಆ ನಾಲ್ವರು ಒಂದೇ ಮತದವರಾಗಿರಬೇಕೆಂದೇನೂ ಇಲ್ಲ. ಬೆಟಗೇರಿಗೆ ಬಾಸೆಲ್ ಮಿಷನ್ ಬಂದದ್ದು 1841ರಲ್ಲಿ. ಅಂದಿನಿಂದ ಇಂದಿನವರೆಗೂ ಇಲ್ಲಿ ಕ್ರೈಸ್ತರ ಮನೆಗಳು ಕಡಿಮೆಯೇ. ನಾಲ್ಕು ಮೂಲೆಗೂ ಚರ್ಚಿನವರೇ ಬೇಕೆಂದರೆ ಹೊರಸು ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಚನ್ನಪ್ಪ ಉತ್ತಂಗಿಯವರು ಅದೇ ಮಿಷನ್ನಿನ ಬೋಧಕರು. ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎಪ್ಪತ್ತರ ಹತ್ತಿರ ಬಂದಾಗಲೂ ಅವರು ತಲೆ ಕೆಡಿಸಿಕೊಂಡದ್ದು ಬಸವಣ್ಣನವರ ಅನುಭವ ಮಂಟಪ ಇತಿಹಾಸದಲ್ಲಿ ನಿಜವಾಗಿ ಇತ್ತು ಎಂಬುದನ್ನು ಸಾಧಿಸಿ ತೋರಿಸಲು. ಪಾದ್ರಿಯೊಬ್ಬ ಶರಣರ ಪರವಾಗಿ ವಾದ ಮಾಡುತ್ತಾನೆಂದರೆ ಅದರ ಹಿಂದೆ ಮಠದ, ಮನೆಯ ಎಷ್ಟು ಗೆಳೆತನ ಇದ್ದಿರಬೇಕು!

ಹೊರಿಸಿಕೊಳ್ಳುವುದರಲ್ಲಿ ಮರ್ಯಾದೆ ಹೋಗುವುದಿಲ್ಲ ಎಂಬುದನ್ನು ತಿಳಿಯಲು ಗದಗಿನವರು ದೂರ ಹೋಗಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ. ಅಲ್ಲಿನ ಗುರುಗಳಾದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಕೂಸಾಗಿದ್ದಾಗಲೇ ಕಣ್ಣು ಹೋಗಿತ್ತು. 1914ರಲ್ಲಿ ಹುಟ್ಟಿ 2010ರವರೆಗೆ ಬಾಳಿದ ಪುಟ್ಟರಾಜರು ತೊಂಬತ್ತಾರು ವರ್ಷ ಒಬ್ಬರಲ್ಲ ಒಬ್ಬರ ಕೈ ಹಿಡಿದೇ ನಡೆದರು. ಅವರ ಕೈ ಹಿಡಿದು ಸಂಗೀತ ಕಲಿತವರು ಎಷ್ಟು ಮಂದಿ! ಯಾರು ಯಾರನ್ನು ಹೊತ್ತರು ಎಂದು ಲೆಕ್ಕ ಹಾಕಲು ಕೂತರೆ ಲೆಕ್ಕವೇ ತಪ್ಪುತ್ತದೆ.

ಕಪೆರ್ನೌಮಿನ ಆ ಮನುಷ್ಯ ಎದ್ದು ತನ್ನ ಹಾಸಿಗೆಯನ್ನು ತಾನೇ ಹೊತ್ತುಕೊಂಡು ಮನೆಗೆ ಹೋದ ಎಂದು ಕಥೆ ಹೇಳುತ್ತದೆ. ನಮ್ಮ ಮನೆಗಳಲ್ಲಿ ಲಕ್ವಾ ಹೊಡೆದವರೆಲ್ಲ ಹಾಗೆ ಏಳುವುದಿಲ್ಲ. ಪ್ರಾರ್ಥನೆಯನ್ನೂ ವ್ಯಾಯಾಮವನ್ನೂ ಬಿಡದೆ ಮಾಡಿ ವರ್ಷಾನುಗಟ್ಟಲೆ ಮಲಗಿದಲ್ಲೇ ಇರುವವರಿದ್ದಾರೆ. ಅವರಿಗೆ ನಂಬಿಕೆ ಸಾಲದು ಎಂದು ಹೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಯೇಸು ಆ ದಿನ ಕಂಡದ್ದು ಹೊತ್ತು ತಂದವರ ನಂಬಿಕೆಯನ್ನೂ ಅಲ್ಲವೇ? ಮಲಗಿದವರನ್ನು ಪ್ರಶ್ನೆ ಮಾಡುವ ಮುಂಚೆ ಮೂಲೆ ಹಿಡಿಯಬೇಕಾದವರು ಎಲ್ಲಿ ಹೋದರು ಎಂದು ಕೇಳಬಹುದು.

ಕಥೆಯಲ್ಲಿ ಇನ್ನೊಬ್ಬರಿದ್ದಾರೆ, ಅವರ ಹೆಸರೂ ಇಲ್ಲ, ಸುದ್ದಿಯೂ ಇಲ್ಲ. ಆ ಮನೆಯವರು. ಜನ ಹೋದ ಮೇಲೆ ಬಿದ್ದ ಮಣ್ಣು ಗುಡಿಸಿದವರು ಯಾರು? ಮಾಳಿಗೆ ಮುಚ್ಚಿದವರು ಯಾರು? ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ಇರುವವಳು ಸಾಮಾನ್ಯವಾಗಿ ಸೊಸೆ. ಮಾವನನ್ನು ನೋಡಲು ನಾಲ್ವರು ಗೆಳೆಯರು ಬಂದರೆ ನಾಲ್ಕು ಕಪ್ಪು ಚಹಾ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಅದಕ್ಕೇ ಹೇಳುತ್ತೇನೆ, ಇವತ್ತು ಹಾಸಿಗೆ ಹಿಡಿದ ಗೆಳೆಯನನ್ನು ನೋಡಲು ಹೊರಟವರು ರೊಟ್ಟಿ ಬಡಿಯುವ ಹೊತ್ತು ಮುಗಿದ ಮೇಲೆ, ಹನ್ನೊಂದರ ಸುಮಾರಿಗೆ ಹೋಗಿ. ಹೋಗುವಾಗ ಅರ್ಧ ಲೀಟರ್ ಹಾಲಿನ ಪಾಕೀಟು ಒಂದು ಕೈಯಲ್ಲಿರಲಿ.